ಬಾಗಿಲು ಕಾಯುವವನು, ಫೈಲು ಬರೆಯುವವನು: ದೊಡ್ಡ ನಾಯಕರ ಪಕ್ಕದ ಕೋಣೆಯಲ್ಲಿ ಯಾರ ಮಾತು ನಡೆಯುತ್ತದೆ?

ಹಳೇ ಶಾಯಿ

ನಾನು ಇಬ್ಬರು ಮಂತ್ರಿಗಳ ಕಚೇರಿಯಲ್ಲಿ ಒಟ್ಟು ಏಳು ವರ್ಷ ಕೆಲಸ ಮಾಡಿದವನು. ಹೆಸರು ಬೇಡ, ಪಕ್ಷವೂ ಬೇಡ. ನನ್ನ ಕೆಲಸ ಡೈರಿ ಬರೆಯುವುದು. ಸಾಹೇಬರು ನೋಡಲೇಬೇಕಾದವರ ಹೆಸರು ನೀಲಿ ಶಾಯಿಯಲ್ಲಿ. "ಸಾಹೇಬರು ಊರಲ್ಲಿಲ್ಲ" ಅಂತ ಹೇಳಿ ಕಳಿಸಬೇಕಾದವರದು ಕೆಂಪು ಶಾಯಿಯಲ್ಲಿ. ಯಾರಿಗೆ ಯಾವ ಬಣ್ಣ ಅಂತ ತೀರ್ಮಾನ ಮಾಡುತ್ತಿದ್ದದ್ದು ಸಾಹೇಬರಲ್ಲ, ಅವರ ಆಪ್ತ ಸಹಾಯಕ.

ಒಂದು ಸಲ ಏನಾಯಿತು ಅಂದರೆ, ಒಬ್ಬ ಹಿರಿಯ ಅಧಿಕಾರಿ ವರ್ಗಾವಣೆ ಪಟ್ಟಿಯೊಂದಕ್ಕೆ ಆಗಲ್ಲ ಅಂದುಬಿಟ್ಟರು. ಸಾಹೇಬರ ಮುಖದ ಮೇಲೇ ಹೇಳಿದರು. ಸಾಹೇಬರು ಒಂದು ನಿಮಿಷ ಸುಮ್ನಿದ್ದು, "ಆಯ್ತು ಬಿಡಿ" ಅಂದರು. ಅಷ್ಟೇ, ಕೋಪ ಏನೂ ಇರಲಿಲ್ಲ. ಆದರೆ ಮಾರನೇ ದಿನದಿಂದ ಆ ಅಧಿಕಾರಿಯ ಹೆಸರು ನನ್ನ ಡೈರಿಯಲ್ಲಿ ಕೆಂಪು. ಮೂರು ವಾರ ಕೆಂಪು. ಕೊನೆಗೆ ಒಂದು ದಿನ ಕಾರು ಹತ್ತುವಾಗ ಸಾಹೇಬರೇ ಕೇಳಿದರು, "ಅವರು ಯಾಕಯ್ಯಾ ಈ ಕಡೆ ಬರ್ತಾನೇ ಇಲ್ಲ, ನನ್ನ ಮೇಲೆ ಬೇಜಾರಾ?" ಪಕ್ಕದಲ್ಲಿ ಆಪ್ತ ಸಹಾಯಕ ನಿಂತಿದ್ದ. ನಾನು ಬಾಯಿ ಬಿಡಲಿಲ್ಲ.

ಈ ವಿಷಯ ಇವತ್ತಿಗೂ ಕೊರೆಯುತ್ತದೆ. ರಿಟೈರ್ ಆದ ಮೇಲೆ ಇಂದಿರಾ ಗಾಂಧಿಯವರ ಕಾಲದ ಕಥೆಗಳನ್ನು ಜಾಸ್ತಿ ಓದುತ್ತಿದ್ದೇನೆ. ಓದಿದಷ್ಟೂ ನನ್ನ ಆ ಪುಟ್ಟ ಟೇಬಲ್ಲೇ ಕಣ್ಣಿಗೆ ಬರುತ್ತದೆ. ಪ್ರತಿ ನಾಯಕರ ಹತ್ತಿರ ಎರಡು ಥರದ ಜನ ಇರುತ್ತಾರೆ. ಒಬ್ಬ ಫೈಲು ಬರೆಯುವವನು, ಇನ್ನೊಬ್ಬ ಬಾಗಿಲು ಕಾಯುವವನು. ಮೊದಲನೆಯವನು ಆಗಲ್ಲ ಅನ್ನಬಲ್ಲ. ಎರಡನೆಯವನು ಹಾಗೆ ಅನ್ನುವವರು ಒಳಗೇ ಬರದಂತೆ ನೋಡಿಕೊಳ್ಳಬಲ್ಲ. ಇಂದಿರಾ ಹತ್ತಿರ ಮೊದಲ ಥರದವರಲ್ಲಿ ಬಹಳ ದೊಡ್ಡವರು ಅವರ ಕಾರ್ಯದರ್ಶಿಯಾಗಿದ್ದ ಪಿ. ಎನ್. ಹಕ್ಸರ್. ಅವರನ್ನು ಇಂದಿರಾ ಹೇಗೆ ಇಟ್ಟುಕೊಂಡರು, ಹೇಗೆ ಬಿಟ್ಟರು ಅನ್ನುವುದರ ಬಗ್ಗೆ ತಿಳಿದವರು ಬರೆಯಿರಿ. ನಾನೂ ಬರೆಯುತ್ತೇನೆ.

ಫಿಲ್ಟರ್ ಕಾಫಿ

ಮೊದಲು ಆ ಮೂರು ವಾರದ ಕಥೆ ಮುಗಿಸಿ ಸಾರ್. ಆಮೇಲೆ ಹೇಳಿದಿರಾ ಇಲ್ವಾ?

ಹಳೇ ಶಾಯಿ

ಇಲ್ಲ. ಹೇಳಿದ್ದರೆ ನನ್ನ ಹೆಸರೂ ಯಾವುದೋ ಡೈರಿಯಲ್ಲಿ ಕೆಂಪಾಗುತ್ತಿತ್ತು.

ದೆಹಲಿ ಚಳಿ

ಹಕ್ಸರ್ ಬಗ್ಗೆ ನನಗೆ ತಿಳಿದದ್ದು ಹೇಳುತ್ತೇನೆ. ಪ್ರಧಾನಿಗೆ ಅಂತಲೇ ಒಬ್ಬ ಹಿರಿಯ ಕಾರ್ಯದರ್ಶಿ ಬೇಕು ಅಂತ ಶುರು ಮಾಡಿದ್ದು ಶಾಸ್ತ್ರಿಯವರು, 1964ರಲ್ಲಿ. ಎಲ್. ಕೆ. ಝಾ ಅವರನ್ನು ತಂದು ಕೂರಿಸಿದರು. ಇಂದಿರಾ ಬಂದ ಮೇಲೂ ಝಾ ಸ್ವಲ್ಪ ಕಾಲ ಇದ್ದರು. 1967ರಲ್ಲಿ ಅವರು ರಿಸರ್ವ್ ಬ್ಯಾಂಕ್ ಗವರ್ನರ್ ಆದರು, ಆ ಜಾಗಕ್ಕೆ ಲಂಡನ್ನಿನ ರಾಯಭಾರ ಕಚೇರಿಯಲ್ಲಿದ್ದ ಹಕ್ಸರ್ ಬಂದರು. ಇದನ್ನು ಗಮನಿಸಿ, ಹಳೇ ಸಲಹೆಗಾರರನ್ನು ಕತ್ತು ಹಿಡಿದು ತಳ್ಳಲಿಲ್ಲ. ಇನ್ನೊಂದು ಒಳ್ಳೇ ಕುರ್ಚಿ ಕೊಟ್ಟು ಕಳಿಸಿದರು. ಸೂಕ್ಷ್ಮ ಜನರನ್ನು ಸಂಭಾಳಿಸುವ ಮೊದಲ ಪಾಠ ಇದೇ ಇರಬೇಕು.

ಹಕ್ಸರ್‌ಗೆ ಇಂದಿರಾ, ಮುಂದೆ ಅವರ ಗಂಡನಾದ ಫಿರೋಜ್ ಇಬ್ಬರೂ ಇಂಗ್ಲೆಂಡಿನಲ್ಲಿ ಓದುತ್ತಿದ್ದ ಕಾಲದಿಂದ ಪರಿಚಯ. ಹಾಗಾಗಿ ಮುಖ ನೋಡಿ ಮಾತಾಡುವ ಧೈರ್ಯ ಇತ್ತು. 1971ರ ಯುದ್ಧ, 1972ರ ಸಿಮ್ಲಾ ಒಪ್ಪಂದ, ಎಲ್ಲದರಲ್ಲೂ ಅವರಿದ್ದರು. ಹಕ್ಸರ್, ಪಿ. ಎನ್. ಧರ್, ಡಿ. ಪಿ. ಧರ್, ಆರ್. ಎನ್. ಕಾವ್, ಟಿ. ಎನ್. ಕೌಲ್, ಎಲ್ಲರೂ ಕಾಶ್ಮೀರಿ ಪಂಡಿತರು. ದೆಹಲಿಯಲ್ಲಿ ಜನ ಇವರಿಗೆ ಕಾಶ್ಮೀರಿ ಮಾಫಿಯಾ ಅಂತಲೇ ಹೆಸರಿಟ್ಟಿದ್ದರು.

ಕರಾವಳಿ ಕಾಗದ

ಇದರಲ್ಲಿ ನಮ್ಮ ಊರಿನ ಕಥೆಯೂ ಇದೆ. 1969ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಾಂಗ್ರೆಸ್ ಅಧಿವೇಶನ, ಲಾಲ್‌ಬಾಗಿನ ಗಾಜಿನ ಮನೆಯಲ್ಲಿ. ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪ. ಇಂದಿರಾ ಮೊದಲ ದಿನ ಬರಲೇ ಇಲ್ಲ, ಹುಷಾರಿಲ್ಲ ಅಂದರು. ಬಂದದ್ದು ಒಂದು ಟಿಪ್ಪಣಿ, ಫಕ್ರುದ್ದೀನ್ ಅಲಿ ಅಹ್ಮದ್ ಕೈಯಲ್ಲಿ. ಸುಮ್ನೆ ತೋಚಿದ್ದು ಬರೆದಿದ್ದೇನೆ ಅನ್ನುವ ಧಾಟಿಯ ಟಿಪ್ಪಣಿ, ಒಳಗೆ ಬ್ಯಾಂಕ್ ರಾಷ್ಟ್ರೀಕರಣದ ಮಾತು. ಅಲ್ಲಿಂದ ದೆಹಲಿಗೆ ಹೋದವರೇ ಜುಲೈ 16ಕ್ಕೆ ಮೊರಾರ್ಜಿ ಅವರಿಂದ ಹಣಕಾಸು ಖಾತೆ ಕಿತ್ತುಕೊಂಡರು. 19ರ ಸಂಜೆ ಸುಗ್ರೀವಾಜ್ಞೆ, 14 ಬ್ಯಾಂಕು ಸರ್ಕಾರದ್ದು. ಅದರಲ್ಲಿ ಕೆನರಾ ಬ್ಯಾಂಕು, ಸಿಂಡಿಕೇಟ್ ಬ್ಯಾಂಕು ನಮ್ಮ ಕರಾವಳಿಯವು. ನಮ್ಮ ಮನೆಯ ಹಿರಿಯರು ಇದನ್ನು ರೇಡಿಯೋದಲ್ಲಿ ಕೇಳಿ ಊಟ ಬಿಟ್ಟು ಎದ್ದು ನಿಂತರಂತೆ.

ಈಗ ಸಿಬ್ಬಂದಿ ವಿಷಯಕ್ಕೆ ಬರೋಣ. ಆ ಮೂರ್ನಾಲ್ಕು ದಿನ ಈ ಗುಟ್ಟು ಎಷ್ಟು ಜನಕ್ಕೆ ಗೊತ್ತಿತ್ತು ಅಂದರೆ ಬೆರಳಲ್ಲಿ ಎಣಿಸಬಹುದು. ಹಕ್ಸರ್ ಹಣಕಾಸು ಇಲಾಖೆಯ ಒಬ್ಬ ಉಪಕಾರ್ಯದರ್ಶಿಯನ್ನು ರಾತ್ರೋರಾತ್ರಿ ಕರೆಸಿ ಕೆಲಸ ಹಚ್ಚಿದರು. ಆರ್ಥಿಕ ವ್ಯವಹಾರಗಳ ಕಾರ್ಯದರ್ಶಿ ಐ. ಜಿ. ಪಟೇಲರಿಗೆ ಗೊತ್ತಾಗಿದ್ದು ಎಲ್ಲ ತೀರ್ಮಾನ ಆದ ಮೇಲೆ. ಸಚಿವ ಸಂಪುಟಕ್ಕೆ ಟಿಪ್ಪಣಿ ಬರಿ, ನನಗೆ ಭಾಷಣ ಬರಿ ಅಂತ ಹೇಳಿಸಿಕೊಳ್ಳುವಾಗಲೇ ಅವರಿಗೆ ಸುದ್ದಿ. ಒಪ್ಪಿಗೆ ಉಂಟಾ ಅಂತ ಯಾರೂ ಕೇಳಲಿಲ್ಲ.

ಒಗ್ಗರಣೆ

ಅಂದರೆ ಹಕ್ಸರ್ ಕೂಡ ಬೇರೆಯವರ ಪಾಲಿಗೆ ಬಾಗಿಲು ಕಾಯುವವರೇ ಆಗಿದ್ದರು ಅಲ್ವಾ? ಪಟೇಲರ ಜಾಗದಲ್ಲಿ ನಿಂತು ನೋಡಿ. ಹಳೇ ಶಾಯಿಯವರ ಲೆಕ್ಕ ನನಗೆ ಸ್ವಲ್ಪ ಸಲೀಸಾಯಿತು ಅನ್ನಿಸುತ್ತದೆ. ಹಕ್ಸರ್ ಒಳ್ಳೆಯವರು, ಬಾಗಿಲವರು ಕೆಟ್ಟವರು ಅಂತ ಹೇಳುತ್ತಿದ್ದೀರಿ. ಅಧಿಕಾರಿಗಳಿಗೆ ಸರ್ಕಾರದ ಗುರಿಯ ಬಗ್ಗೆ ನಿಷ್ಠೆ ಇರಬೇಕು ಅನ್ನುವ ವಾದಕ್ಕೆ ಬಲ ಬಂದದ್ದು ಇದೇ ಹಕ್ಸರ್ ಕಾಲದಲ್ಲಿ. ಗುರಿಯ ಬಗ್ಗೆ ನಿಷ್ಠೆ ಅಂತ ಶುರುವಾದದ್ದು ವ್ಯಕ್ತಿಯ ಬಗ್ಗೆ ನಿಷ್ಠೆ ಆಗೋಕೆ ಎಷ್ಟು ದಿನ ಬೇಕು?

ಹಳೇ ಶಾಯಿ

ಒಗ್ಗರಣೆಯವರೇ, ಆ ಪೆಟ್ಟು ಒಪ್ಪಿದೆ. ಪ್ರಧಾನಿಯ ಕಚೇರಿಯನ್ನು ಅಷ್ಟು ದೊಡ್ಡದು ಮಾಡಿದ್ದು ಹಕ್ಸರ್ ಅವರೇ. ಆದರೂ ಒಂದು ವ್ಯತ್ಯಾಸ ಇದೆ. ಹಕ್ಸರ್ ಏನು ಹೇಳಿದರೂ ಅದು ಕಾಗದದ ಮೇಲೆ ಇರುತ್ತಿತ್ತು. ಉದ್ದುದ್ದ ಟಿಪ್ಪಣಿ. ಇವತ್ತಿಗೂ ತೆಗೆದು ಓದಿ ಬೈಯಬಹುದು. ನಮ್ಮ ಆಪ್ತ ಸಹಾಯಕ ಏಳು ವರ್ಷದಲ್ಲಿ ಒಂದು ಸಾಲು ಬರೆದವನಲ್ಲ. ಎಲ್ಲ ಬಾಯಿಮಾತು, ಇಲ್ಲ ಅಂದರೆ ಹುಬ್ಬಿನ ಸನ್ನೆ.

ಹಕ್ಸರ್‌ಗೆ ಕುತ್ತಾದದ್ದು ಸಂಜಯ್ ವಿಷಯ. ಮಗನ ಮಾರುತಿ ಕಾರಿನ ಯೋಜನೆ ಸರಿಯಿಲ್ಲ ಅಂತ ಅವರು ನೇರವಾಗಿ ಹೇಳಿದರು. ಬ್ಯಾಂಕಿನ ಬಗ್ಗೆ, ಯುದ್ಧದ ಬಗ್ಗೆ ಎದುರು ಮಾತು ಕೇಳಿಸಿಕೊಳ್ಳಬಲ್ಲ ತಾಯಿ, ಮಗನ ಬಗ್ಗೆ ಕೇಳಿಸಿಕೊಳ್ಳಲಿಲ್ಲ. ಇದು ನಮ್ಮ ಮನೆಗಳಲ್ಲೂ ಹಾಗೇ ಬಿಡಿ. 1973ರ ಆರಂಭದಲ್ಲಿ ಹಕ್ಸರ್ ಹೊರಗೆ ಬಂದರು. ಜಗಳ ಇಲ್ಲ, ಗದ್ದಲ ಇಲ್ಲ. ಎರಡು ವರ್ಷ ಬಿಟ್ಟು ಯೋಜನಾ ಆಯೋಗದ ಉಪಾಧ್ಯಕ್ಷ ಮಾಡಿದರು. ಝಾ ಅವರಿಗೆ ಕೊಟ್ಟಂತೆ ಇವರಿಗೂ ಒಂದು ಕುರ್ಚಿ.

ಮೂರನೇ ಮಹಡಿ

ಬಾಯಿಮಾತು ಅಂದಿರಲ್ಲ, ಅದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಗೋದಿಲ್ಲ. ಯಶಪಾಲ್ ಕಪೂರ್ ಕೇಸು. ಪ್ರಧಾನಿ ಸಚಿವಾಲಯದಲ್ಲಿ ವಿಶೇಷ ಕರ್ತವ್ಯಾಧಿಕಾರಿ, ನಾವು ಓಎಸ್‌ಡಿ ಅನ್ನುತ್ತೇವಲ್ಲ ಅದು. 1971ರ ಚುನಾವಣೆಗೆ ರಾಯ್‌ಬರೇಲಿಯಲ್ಲಿ ಇಂದಿರಾ ಪರ ಕೆಲಸ ಮಾಡಬೇಕು. ಸರ್ಕಾರಿ ನೌಕರ ಮಾಡೋ ಹಾಗಿಲ್ಲ. ಜನವರಿ 13ಕ್ಕೆ ರಾಜೀನಾಮೆ ಕೊಟ್ಟೆ ಅಂದ. ಹಕ್ಸರ್ ಬಾಯಿಮಾತಲ್ಲೇ "ಆಯ್ತು, ಹೋಗಿ" ಅಂದರು ಅನ್ನುವುದು ವಾದ. ಕಾಗದದ ಮೇಲೆ ಆದೇಶ ಬಂದದ್ದು ಜನವರಿ 25ಕ್ಕೆ, 14ರಿಂದಲೇ ಜಾರಿ ಅಂತ. ಈ ನಡುವಿನ ದಿನಗಳೇ ಇಂದಿರಾ ಅವರನ್ನು ಕೆಡವಿದ್ದು. ಅಲ್ಲಿ ಅವರೆದುರು ಸೋತಿದ್ದ ರಾಜನಾರಾಯಣ್ ಕೇಸು ಹಾಕಿದರು. 1975ರ ಜೂನ್ 12ಕ್ಕೆ ಅಲಹಾಬಾದಿನಲ್ಲಿ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಚುನಾವಣೆ ರದ್ದು ಮಾಡಿದರು.

ಒಬ್ಬ ಗುಮಾಸ್ತ ಅವತ್ತೇ ಒಂದು ಆದೇಶ ಟೈಪ್ ಮಾಡಿ ಸಹಿ ಹಾಕಿಸಿದ್ದರೆ ತುರ್ತು ಪರಿಸ್ಥಿತಿಯೇ ಬರುತ್ತಿರಲಿಲ್ಲ!

ಗಿರಿನಗರದ ಗುಬ್ಬಿ

ಇಷ್ಟು ಸುಲಭ ಅಲ್ಲ ಮೂರನೇ ಮಹಡಿಯವರೇ. ಕಪೂರ್ ಜನವರಿ 7ಕ್ಕೇ ಅಲ್ಲಿ ಭಾಷಣ ಮಾಡಿದ್ದರು ಅಂತ ತೀರ್ಪಿನಲ್ಲಿದೆ. ರಾಜೀನಾಮೆ 13ಕ್ಕೇ ಅಂಗೀಕಾರ ಆಯಿತು ಅಂತ ಇಟ್ಟುಕೊಂಡರೂ 7 ತಪ್ಪೋದಿಲ್ಲವಲ್ಲ. ಎರಡನೇ ಕಾರಣವೂ ಇತ್ತು. ಉತ್ತರ ಪ್ರದೇಶದ ಅಧಿಕಾರಿಗಳ ಕೈಲಿ ವೇದಿಕೆ ಕಟ್ಟಿಸಿದ್ದು, ಧ್ವನಿವರ್ಧಕಕ್ಕೆ ಕರೆಂಟು ಕೊಡಿಸಿದ್ದು. ಎರಡೂ ಸೇರಿ ರದ್ದು, ಆರು ವರ್ಷ ಚುನಾವಣೆಗೆ ನಿಲ್ಲುವ ಹಾಗಿಲ್ಲ. ಆಮೇಲೆ ಕಾನೂನನ್ನೇ ಹಿಂದಿನ ದಿನಾಂಕದಿಂದ ತಿದ್ದಿದರು, ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಚುನಾವಣೆ ಸರಿ ಅಂದಿತು. ಗುಮಾಸ್ತನ ಮೇಲೆ ಅಷ್ಟು ಭಾರ ಹಾಕಬೇಡಿ.

ಮೂರನೇ ಮಹಡಿ

ಒಪ್ಪಿದೆ, ಜೋಶಿನಲ್ಲಿ ಬರೆದೆ. ಆದರೂ ಆ ಬಾಯಿಮಾತಿನ ರಾಜೀನಾಮೆಯನ್ನು ಜಡ್ಜು ನಂಬಲಿಲ್ಲ ಅನ್ನುವುದಂತೂ ನಿಜ. ಎಲ್ಲವನ್ನೂ ಬರೆದಿಡುವ ಹಕ್ಸರ್, ಇದೊಂದನ್ನು ಬಾಯಲ್ಲಿ ಮುಗಿಸಿದೆ ಅಂತ ಸಾಕ್ಷಿ ಹೇಳಬೇಕಾಯಿತು.

ದೆಹಲಿ ಚಳಿ

ಆ ಸಾಕ್ಷಿಯ ದಿನಾಂಕ ನೋಡಿ. ಹಕ್ಸರ್ ಅಲಹಾಬಾದಿನ ಕಟಕಟೆ ಹತ್ತಿ ಇಂದಿರಾ ಪರ ನಿಂತದ್ದು 1975ರಲ್ಲೇ, ತೀರ್ಪಿಗೆ ಕೆಲವು ತಿಂಗಳು ಮುಂಚೆ. ಆಗಲೇ ಅವರನ್ನು ಪಕ್ಕಕ್ಕಿಟ್ಟು ಎರಡು ವರ್ಷ ಆಗಿತ್ತು. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ. ಜುಲೈನಲ್ಲಿ ಕನಾಟ್ ಪ್ಲೇಸಿನ ಪಂಡಿತ್ ಬ್ರದರ್ಸ್ ಅಂಗಡಿ ಮೇಲೆ ದಾಳಿ. ಹಾಸಿಗೆ ಹೊದಿಕೆ, ಪರದೆ ಬಟ್ಟೆ ಮಾರುವ ಹಳೇ ಅಂಗಡಿ, ಹಕ್ಸರ್ ಕುಟುಂಬದ್ದು. ಬೆಲೆ ಚೀಟಿ ಸರಿಯಾಗಿ ಅಂಟಿಸಿಲ್ಲ ಅನ್ನುವಂಥ ನೆಪ. ಎಂಬತ್ತು ದಾಟಿದ ಅವರ ಚಿಕ್ಕಪ್ಪನನ್ನು ಹಿಡಿದುಕೊಂಡು ಹೋದರು. ಆಮೇಲೆ ತುರ್ತು ಪರಿಸ್ಥಿತಿಯ ಅತಿರೇಕಗಳ ವಿಚಾರಣೆ ಮಾಡಿದ ಶಾ ಆಯೋಗದ ಮುಂದೆ ಇದೆಲ್ಲ ಬಂತು. ಟವೆಲ್ಲಿನ ಮೇಲೆ ಚೀಟಿ ಇಲ್ಲ ಅಂತ ಜೈಲಿಗೆ! ನಿಜವಾದ ಕಾರಣ ಎಲ್ಲರಿಗೂ ಗೊತ್ತು, ಯಾರೂ ಹೇಳೋ ಹಾಗಿಲ್ಲ.

ಹಕ್ಸರ್ ಆಗಲೂ ಯೋಜನಾ ಆಯೋಗ ಬಿಡಲಿಲ್ಲ. 1977ರವರೆಗೂ ಅಲ್ಲೇ ಕೂತರು. ಇದು ನಿಷ್ಠೆಯಾ, ಹಟವಾ, ಅಭ್ಯಾಸವಾ? ಎಷ್ಟು ಸಲ ಯೋಚಿಸಿದರೂ ನನಗೆ ಬಗೆಹರಿದಿಲ್ಲ.

ಫಿಲ್ಟರ್ ಕಾಫಿ

ಬಾಗಿಲಿನ ಕಡೆಯವರ ಬಗ್ಗೆ ಯಾರೂ ಬರೆಯಲಿಲ್ಲ. ಆರ್. ಕೆ. ಧವನ್. ಯಶಪಾಲ್ ಕಪೂರರ ಸಂಬಂಧಿಕ. 1962ರಲ್ಲಿ ಇಂದಿರಾ ಹತ್ತಿರ ಸೇರಿದ್ದು ಸಣ್ಣ ಸಹಾಯಕನಾಗಿ, ಟೈಪು, ಶೀಘ್ರಲಿಪಿ ಅಂತ. ಮದುವೆ ಮಕ್ಕಳು ಅಂತ ಏನೂ ಇಲ್ಲದೆ ಬೆಳಗಿನಿಂದ ರಾತ್ರಿವರೆಗೆ ಅಲ್ಲೇ. ತುರ್ತು ಪರಿಸ್ಥಿತಿ ಹೊತ್ತಿಗೆ ಮುಖ್ಯಮಂತ್ರಿಗಳಿಗೆ ಫೋನು ಹೋಗುತ್ತಿದ್ದದ್ದೇ ಅವರಿಂದ. ಪದವಿ ಚಿಕ್ಕದು, ಫೋನು ದೊಡ್ಡದು.

ಹಳೇ ಶಾಯಿ

ಇದನ್ನೇ ನಾನು ಹೇಳಬೇಕು ಅಂತಿದ್ದೆ. ಹಕ್ಸರ್ ಕೂತಿದ್ದದ್ದು ಸೌತ್ ಬ್ಲಾಕಿನಲ್ಲಿ. ಧವನ್ ಇದ್ದದ್ದು 1, ಸಫ್ದರ್‌ಜಂಗ್ ರಸ್ತೆಯ ಮನೆಯಲ್ಲಿ. ಫೈಲು ಕಚೇರಿಯಲ್ಲಿ, ಬಾಗಿಲು ಮನೆಯಲ್ಲಿ. 1975ರಲ್ಲಿ ಅಧಿಕಾರ ಕಚೇರಿಯಿಂದ ಮನೆಗೆ ಹೋಯಿತು. ಹಕ್ಸರ್ ಜಾಗಕ್ಕೆ ಬಂದಿದ್ದ ಪಿ. ಎನ್. ಧರ್‌ಗೆ ತುರ್ತು ಪರಿಸ್ಥಿತಿ ವಿಷಯ ತಿಳಿದದ್ದೇ ಆ ರಾತ್ರಿ, ಎಲ್ಲ ನಿರ್ಧಾರ ಆದ ಮೇಲೆ. ಪ್ರಧಾನಿಯ ಕಾರ್ಯದರ್ಶಿ! ಮನೆಯಲ್ಲಿದ್ದ ಸಹಾಯಕನಿಗೆ ಮೊದಲೇ ಗೊತ್ತು. ಕಚೇರಿಯಲ್ಲಿದ್ದ ಕಾರ್ಯದರ್ಶಿಗೆ ಗೊತ್ತಿಲ್ಲ. ನಾಯಕರು ಮನೆಯಲ್ಲಿ ಕೂತು ಸಹಿ ಹಾಕೋಕೆ ಶುರು ಮಾಡಿದರು ಅಂದರೆ ಫೈಲು ಬರೆಯುವವನ ಕಾಲ ಮುಗಿಯಿತು ಅಂತ ಲೆಕ್ಕ. ನಮ್ಮ ಎರಡನೇ ಮಂತ್ರಿಗಳ ಹತ್ತಿರವೂ ಹಾಗೇ ಆಯಿತು. ಮೊದಲು ಶನಿವಾರದ ಫೈಲು ಮನೆಗೆ ಹೋಗುತ್ತಿತ್ತು, ಆಮೇಲೆ ಬುಧವಾರದ್ದೂ. ಕೊನೆಗೆ ಕಚೇರಿಯಲ್ಲಿ ನಾವು ಕಡ್ಲೆಪುರಿ ತಿನ್ನುತ್ತಾ ಕೂರುತ್ತಿದ್ದೆವು.

ಹೊಳೆ ದಂಡೆ

ಇಷ್ಟೆಲ್ಲ ಬರೆದಿರಿ, ಆ ಕಚೇರಿಯಲ್ಲಿದ್ದ ನಮ್ಮವರನ್ನೇ ಬಿಟ್ಟಿರಲ್ಲ. ಎಚ್. ವೈ. ಶಾರದಾ ಪ್ರಸಾದ್. ಎಚ್ ಅಂದರೆ ಹೊಳೆನರಸೀಪುರ, ವೈ ಅಂದರೆ ತಂದೆ ಯೋಗಾನರಸಿಂಹಂ, ಸಂಗೀತದವರಿಗೆ ಗೊತ್ತಿರುವ ಹೆಸರು. ಮೈಸೂರಿನ ಮಹಾರಾಜ ಕಾಲೇಜಿನ ಹುಡುಗ, 1942ರಲ್ಲಿ ಕ್ವಿಟ್ ಇಂಡಿಯಾ ಅಂತ ಜೈಲಿಗೆ ಹೋದವರು. ಪತ್ರಕರ್ತ. 1966ರಿಂದ ಇಂದಿರಾ ಅವರ ಮಾಧ್ಯಮ ಸಲಹೆಗಾರ, ಭಾಷಣ ಬರೆಯುವವರು. 1977ರಲ್ಲಿ ಇಂದಿರಾ ಸೋತರು, 1980ರಲ್ಲಿ ಮತ್ತೆ ಬಂದಾಗ ಇವರೂ ವಾಪಸ್ಸು. ರಾಜೀವ್ ಕಾಲದಲ್ಲೂ ಇದ್ದರು. ಎಷ್ಟು ಜನ ಬಂದರು, ಎಷ್ಟು ಜನ ಹೋದರು, ಇವರ ಮೇಲೆ ಮಾತ್ರ ಒಂದು ಚುಕ್ಕೆ ಬೀಳಲಿಲ್ಲ. ಕಾರಂತರನ್ನು ಇಂಗ್ಲಿಷಿಗೆ ತಂದವರಲ್ಲಿ ಇವರೂ ಒಬ್ಬರು, ಅದು ಬೇರೆ ವಿಷಯ.

ಒಗ್ಗರಣೆ

ಚುಕ್ಕೆ ಬೀಳಲಿಲ್ಲ ಅನ್ನುವುದನ್ನು ನಾನು ಒಪ್ಪಲ್ಲ. 1942ರಲ್ಲಿ ಸ್ವಾತಂತ್ರ್ಯಕ್ಕೆ ಅಂತ ಜೈಲಿಗೆ ಹೋದವರು 1975ರಲ್ಲಿ ಪತ್ರಿಕೆಗಳಿಗೆ ಬೀಗ ಹಾಕಿದ ಸರ್ಕಾರದ ಮಾಧ್ಯಮ ಸಲಹೆಗಾರರಾಗಿ ಕೂತಿದ್ದರು. ಅವರೂ ಪತ್ರಕರ್ತರೇ. ಬಿಟ್ಟು ಬರಬಹುದಿತ್ತು ಅಲ್ವಾ? ನಮ್ಮೂರವರು ಅಂದ ಮಾತ್ರಕ್ಕೆ ಬಿಡೋಕಾಗುತ್ತಾ?

ಹೊಳೆ ದಂಡೆ

ಸೆನ್ಸಾರ್ ನಡೆಸಿದ್ದು ಇವರಲ್ಲ. ಅದು ವಾರ್ತಾ ಇಲಾಖೆ. ಆ ಇಲಾಖೆಯ ಮಂತ್ರಿ ಐ. ಕೆ. ಗುಜ್ರಾಲ್ ಮಾತು ಕೇಳಲಿಲ್ಲ ಅಂತ ಅವರನ್ನು ತೆಗೆದು ವಿ. ಸಿ. ಶುಕ್ಲಾರನ್ನು ತಂದದ್ದು ಅದಕ್ಕೇ. ಒಳಗೆ ಒಬ್ಬ ಮರ್ಯಾದಸ್ಥ ಇದ್ದರೆ ಅಷ್ಟಾದರೂ ತಡೆಯಬಹುದು ಅಂತ ಅವರು ಅಂದುಕೊಂಡಿರಬಹುದು.

ಒಗ್ಗರಣೆ

ಒಳಗಿರುವವರೆಲ್ಲ ಹಾಗೇ ಅಂದುಕೊಳ್ಳುತ್ತಾರೆ.

ಗಿರಿನಗರದ ಗುಬ್ಬಿ

ಇದು ಮುಗಿಯದ ಜಗಳ. ನಾನು ಇನ್ನೊಂದು ಸೇರಿಸುತ್ತೇನೆ. ದೊಡ್ಡ ಸಲಹೆಗಾರರ ಬಗ್ಗೆಯೇ ಮಾತಾಡುತ್ತೇವೆ, ಕೆಳಗಿನ ಸಿಬ್ಬಂದಿಯನ್ನು ಮರೆಯುತ್ತೇವೆ. 1985ರ ಜನವರಿಯಲ್ಲಿ ಪ್ರಧಾನಿ ಕಚೇರಿಯ ಗುಟ್ಟಿನ ಕಾಗದಗಳು ಹೊರಗೆ ಹೋಗುತ್ತಿವೆ ಅಂತ ಸಿಕ್ಕಿಬಿದ್ದಿತು. ಹೊರಗಿನ ಒಬ್ಬ ವ್ಯಾಪಾರಿಗೆ ಕಾಗದ ದಾಟಿಸುತ್ತಿದ್ದವರಲ್ಲಿ ಆಪ್ತ ಸಹಾಯಕರೂ ಇದ್ದರು. ಪ್ರಧಾನ ಕಾರ್ಯದರ್ಶಿ ಪಿ. ಸಿ. ಅಲೆಕ್ಸಾಂಡರ್ ತಮ್ಮ ಕೋಣೆಯ ಜನವೇ ಸಿಕ್ಕಿಬಿದ್ದರು ಅಂತ ರಾಜೀನಾಮೆ ಕೊಟ್ಟರು. ಅವರ ಮೇಲೆ ಆರೋಪ ಇರಲಿಲ್ಲ. ರಾಜೀವ್ ಅವರನ್ನು ಆಮೇಲೆ ತಮಿಳುನಾಡಿಗೆ ರಾಜ್ಯಪಾಲರಾಗಿ ಕಳಿಸಿದರು. ಮತ್ತೆ ಅದೇ ಕುರ್ಚಿ ಲೆಕ್ಕ ನೋಡಿ.

ವಾಜಪೇಯಿ ಅವರ ರೀತಿ ಬೇರೆ. ಬ್ರಜೇಶ್ ಮಿಶ್ರಾ ಒಬ್ಬರನ್ನೇ ಪ್ರಧಾನ ಕಾರ್ಯದರ್ಶಿ, ರಾಷ್ಟ್ರೀಯ ಭದ್ರತಾ ಸಲಹೆಗಾರ ಎರಡೂ ಮಾಡಿ, ಸಂಘ ಪರಿವಾರದೊಳಗೇ ಎಷ್ಟು ಗೊಣಗಿದರೂ 2004ರವರೆಗೆ ಬಿಟ್ಟುಕೊಡಲಿಲ್ಲ.

ಮೂರನೇ ಮಹಡಿ

ನಮ್ಮ ವಿಧಾನಸೌಧದಲ್ಲಿ ಈಗ ಈ ಸಮಸ್ಯೆಗೆ ಬೇರೆ ರೂಪ ಬಂದಿದೆ. 2003ರಲ್ಲಿ 91ನೇ ತಿದ್ದುಪಡಿ ಬಂದು ಮಂತ್ರಿಗಳ ಸಂಖ್ಯೆ ಸದನದ ಶೇ. 15 ದಾಟಬಾರದು ಅಂತಾಯಿತು. 224ಕ್ಕೆ ಮುಖ್ಯಮಂತ್ರಿ ಸೇರಿ 34. ಉಳಿದ ಅತೃಪ್ತರನ್ನು ಏನು ಮಾಡುವುದು? ರಾಜಕೀಯ ಕಾರ್ಯದರ್ಶಿ, ಸಲಹೆಗಾರ ಅಂತ ಹೆಸರು, ಸಂಪುಟ ದರ್ಜೆ, ಕಾರು, ಕೋಣೆ. ಸಲಹೆ ಕೇಳೋದು ಯಾರು ಬಿಡಿ. ಹಕ್ಸರ್‌ಗೆ ಸಲಹೆ ಹೇಳಿದ್ದಕ್ಕೆ ಕುರ್ಚಿ ಹೋಯಿತು. ಇಲ್ಲಿ ಸುಮ್ನಿರಲಿ ಅಂತ ಕುರ್ಚಿ ಕೊಡುತ್ತಾರೆ.

ದೆಹಲಿ ಚಳಿ

ಹಾ ಹಾ. ಆದರೆ ಹಳೇ ಶಾಯಿಯವರ ಎರಡು ಥರದ ಜನ ಅನ್ನುವ ಮಾತಿಗೆ ನನಗೆ ಮನಸ್ಸಿನಲ್ಲಿ ನಿಂತಿರುವ ದೃಶ್ಯ ಒಂದೇ. 1984ರ ಅಕ್ಟೋಬರ್ 31ರ ಬೆಳಗ್ಗೆ. ಇಂದಿರಾ ಮನೆಯಿಂದ ಪಕ್ಕದ ಅಕ್ಬರ್ ರಸ್ತೆಯ ಕಚೇರಿಗೆ ತೋಟದ ದಾರಿಯಲ್ಲಿ ನಡೆದು ಹೋಗುತ್ತಿದ್ದರು. ಪೀಟರ್ ಉಸ್ತಿನೋವ್ ಟಿವಿ ಸಂದರ್ಶನಕ್ಕೆ ಕ್ಯಾಮೆರಾ ಇಟ್ಟುಕೊಂಡು ಕೂತಿದ್ದರು. ಆ ಕಡೆ ಅವರ ಜೊತೆ ಕಾಯುತ್ತಿದ್ದವರು ಶಾರದಾ ಪ್ರಸಾದ್. ಈ ಕಡೆ ಇಂದಿರಾ ಹಿಂದೆ ಕೆಲವೇ ಹೆಜ್ಜೆ ದೂರದಲ್ಲಿ ಬರುತ್ತಿದ್ದವರು ಧವನ್. ನಡುವಿನ ಗೇಟಿನ ಹತ್ತಿರ ಗುಂಡು.

ಆಮೇಲೆ ಧವನ್ ಪಟ್ಟ ಪಾಡು ಗೊತ್ತೇ ಇದೆ. ರಾಜೀವ್ ಹೊರಗೆ ಹಾಕಿದರು. ಹತ್ಯೆಯ ತನಿಖೆ ಮಾಡಿದ ಠಕ್ಕರ್ ಆಯೋಗ ಅನುಮಾನದ ಬೆರಳು ತೋರಿಸಿತು. ಏನೂ ಸಾಬೀತಾಗಲಿಲ್ಲ. 1989ರಲ್ಲಿ ಅದೇ ರಾಜೀವ್ ವಾಪಸ್ ಕರೆದುಕೊಂಡರು. ಮುಂದೆ ಕೇಂದ್ರದಲ್ಲಿ ಮಂತ್ರಿಯೂ ಆದರು. ಬಾಗಿಲು ಕಾಯುವವನಿಗೆ ಬರೀ ಅಧಿಕಾರ ಅಂದುಕೊಳ್ಳಬೇಡಿ. ಯಜಮಾನರು ಹೋದ ಮಾರನೇ ದಿನ ಮೊದಲು ಬೀಳುವವನೂ ಅವನೇ.

ಹಳೇ ಶಾಯಿ

ಇದು ನಿಜ. ನಮ್ಮ ಆಪ್ತ ಸಹಾಯಕನಿಗೂ ಸರ್ಕಾರ ಬಿದ್ದ ವಾರದಲ್ಲೇ ಮೂಲ ಇಲಾಖೆಗೆ ವಾಪಸ್ ಆದೇಶ ಬಂತು. ಹಿಂದಿನ ದಿನದವರೆಗೆ ಶಾಸಕರು ಎದ್ದು ನಿಂತು ಮಾತಾಡಿಸುತ್ತಿದ್ದವನು ಒಬ್ಬನೇ ಲಿಫ್ಟಿಗೆ ಕಾಯುತ್ತಾ ನಿಂತಿದ್ದ, ಕೈಯಲ್ಲಿ ಟಿಫಿನ್ ಕ್ಯಾರಿಯರ್. ಪಾಪ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಫಿಲ್ಟರ್ ಕಾಫಿ

ನೀವು ಇದನ್ನೆಲ್ಲ ಪುಸ್ತಕ ಮಾಡಿ ಸಾರ್. ಎರಡು ಬಣ್ಣದ ಡೈರಿ ಅಂತಲೇ ಹೆಸರಿಡಿ.

ಹೊಳೆ ದಂಡೆ

ಶಾರದಾ ಪ್ರಸಾದರಿಗೂ ಇದೇ ಕೇಳುತ್ತಿದ್ದರು, ಪ್ರಧಾನಿ ಕಚೇರಿಯ ನೆನಪು ಬರೆಯಿರಿ ಅಂತ. ಅವರು ಬರೆಯಲಿಲ್ಲ. ಕೊನೆಗೆ 2003ರಲ್ಲಿ ಪ್ರಬಂಧಗಳ ಒಂದು ಸಂಕಲನ ತಂದರು. ಅದರ ಹೆಸರಿನಲ್ಲೇ "ನಾನು ಬರೆಯದ ಪುಸ್ತಕ" ಅನ್ನುವ ಮಾತಿದೆ. 2008ರಲ್ಲಿ ತೀರಿಕೊಂಡರು, ಗುಟ್ಟುಗಳೂ ಜೊತೆಗೆ.

ಒಗ್ಗರಣೆ

ಅದೇ ನನ್ನ ತಕರಾರು. ಬರೆದಿದ್ದರೆ ನಾವಿಲ್ಲಿ ಊಹೆ ಮಾಡುತ್ತಾ ಕೂರುವುದು ತಪ್ಪುತ್ತಿತ್ತು. ಹಳೇ ಶಾಯಿಯವರೇ, ನೀವಾದರೂ ಬರೆಯಿರಿ. ಆ ಅಧಿಕಾರಿಗೆ ಅವತ್ತು ಹೇಳದ್ದನ್ನು ಈಗಲಾದರೂ ಹೇಳಬಹುದು.

ಹಳೇ ಶಾಯಿ

ಡೈರಿ ಅಟ್ಟದ ಮೇಲಿದೆ. ನಿನ್ನೆ ಈ ಮಾತುಕತೆ ಓದುತ್ತಾ ಇಳಿಸಿ ನೋಡಿದೆ. ಆ ಮೂರು ವಾರದ ಹಾಳೆಗಳು ಹಾಗೇ ಇವೆ, ಕೆಂಪು ಅಕ್ಷರ ನನ್ನದೇ. ಅಧಿಕಾರಿಯವರು ಮೈಸೂರಲ್ಲಿದ್ದಾರೆ ಅಂತ ಕೇಳಿದ್ದೇನೆ. ನಂಬರ್ ಸಿಕ್ಕಿದೆ, ಇನ್ನೂ ಫೋನು ಮಾಡಿಲ್ಲ.